ಕೆಂಪು ಗೀಟಿನ ಕೆಳಗಿನ ನೀರು

ಮೂವತ್ತೊಂದು ವರ್ಷದಲ್ಲಿ ಗೇಜಕ್ಕ ಒಂದೇ ಒಂದು ದಿನ, ಒಂದು ಬೆರಳಿನಷ್ಟೂ ತಪ್ಪು ಅಳತೆ ಬರೆದವಳಲ್ಲ. ಬೆಳಗಾದರೆ ಏರಬೇಕೋ ಇಳಿಯಬೇಕೋ ಎಂದು ಕೆರೆಯೇ ಅವಳ ಮುಖ ನೋಡಿ ತೀರ್ಮಾನ ಮಾಡುತ್ತಿತ್ತು. ಅವಳು ಒಮ್ಮೆ ಕೆಮ್ಮಿದರೆ ಅಲೆಗಳು ಕವಾಯತಿಗೆ ನಿಂತ ಹಾಗೆ ನಿಲ್ಲುತ್ತಿದ್ದವು. ಅವಳು ಹಲಗೆ ಓದುವಾಗ ಒಂದು ಬಾತುಕೋಳಿ ಧುಮುಕಿತೆಂದು, ಅದು ತಳ್ಳಿದ ನೀರನ್ನು ಕಳೆದು ಅಂಕಿ ಬರೆದಳಂತೆ. ಬಾತುಕೋಳಿಯ ಮಾತಿಗೆ ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಉಳಿದದ್ದು ಗೋಡೆಯ ಮೇಲೇ ತೂಗುತ್ತಿದೆ, ಅನುಮಾನವಿದ್ದವರು ಹೋಗಿ ಓದಿಕೊಳ್ಳಬಹುದು.

ಆ ಗೋಡೆ ಕೆರೆದಂಡೆಯ ಅಳತೆ ಕೋಣೆಯದು. ಪಂಪ್‌ಹೌಸಿಗೆ ಬೆನ್ನು ತಾಗಿಸಿ ಕಟ್ಟಿದ ಹತ್ತಡಿಯ ಕೋಣೆ. ಒಂದು ಮೇಜು, ಎರಡು ಕುರ್ಚಿ, ಗಡಿಯಾರ, ಕೆರೆಯ ಕಡೆಗೊಂದು ಕಿಟಕಿ. ಗೋಡೆಯಾಚೆ ಪಂಪು ಹಗಲಿರುಳು ಓಡುವುದರಿಂದ ಕಿಟಕಿಯ ಗಾಜು ಸದಾ ಗಿಲಿಗಿಲಿ ಅನ್ನುತ್ತಿರುತ್ತದೆ. ಮೇಜಿನ ಮೇಲೆ ಚಹಾ ಇಟ್ಟರೆ ಸಕ್ಕರೆ ಕರಗಲು ಚಮಚ ಬೇಕಿಲ್ಲ. ಹೋದ ವರ್ಷ ಜಲ ಪ್ರಾಧಿಕಾರದವರು ‘ಮೂವತ್ತು ವರ್ಷಗಳ ತಪ್ಪಿಲ್ಲದ ಅಳತೆಗಾಗಿ’ ಎಂದು ಬರೆಸಿ, ಚೌಕಟ್ಟು ಹಾಕಿಸಿ, ಗೇಜಕ್ಕನಿಗೊಂದು ಪ್ರಶಸ್ತಿ ಪತ್ರ ಕೊಟ್ಟರು. ಸಾಹೇಬರು, ಅಂದರೆ ಪ್ರಾಧಿಕಾರದ ದೊಡ್ಡ ಇಂಜಿನಿಯರು, ತಾವೇ ಮುಂದೆ ನಿಂತು ಅದನ್ನು ಗೋಡೆಗೆ ಹೊಡೆಸಿದರು. ಎಷ್ಟು ಎತ್ತರಕ್ಕೆಂದರೆ, ಕತ್ತು ನೋಯದೆ ಅದನ್ನು ಓದಬಲ್ಲವಳು ಸೂರಿನ ಹಲ್ಲಿ ಒಬ್ಬಳೇ.

ಕೆಲಸವೇನೋ ಕೇಳಲಿಕ್ಕೆ ಸುಲಭ. ದಂಡೆಯ ಕಲ್ಲುಕಟ್ಟೆಗೆ ಒಂದು ಅಳತೆ ಹಲಗೆ ಇದೆ. ಬೇಸಿಗೆಯಲ್ಲಿ ನೀರು ಮೂರು ಮೀಟರಿಗಿಂತ ಕೆಳಗಿಳಿದರೆ ಆ ಹಲಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ, ನಲವತ್ತು ಮೆಟ್ಟಿಲು ಕೆಳಗೆ ನೀರಿನಲ್ಲೇ ನಿಂತಿರುವ ಎರಡನೆ ಹಲಗೆ ಓದಬೇಕು. ಮೇಲಿನದರ ಕೊನೆಯ ಗೀಟೂ ಕೆಳಗಿನದರ ತಲೆಯೂ ಒಂದೇ ಮಟ್ಟದಲ್ಲಿರಬೇಕು, ಎರಡೂ ಮೂರು ಮೀಟರು. ಬೆಳಗ್ಗೆ ಆರಕ್ಕೆ, ಗಾಳಿ ಏಳುವ ಮೊದಲೇ, ಗೇಜಕ್ಕ ಅಂಕಿ ಓದಿ ಪುಸ್ತಕದಲ್ಲಿ ಬರೆಯುತ್ತಾಳೆ. ಎರಡು ಲಕ್ಷ ಜನರ ನಲ್ಲಿ ಆ ಅಂಕಿಯ ಮಾತು ಕೇಳುತ್ತದೆ.

ಕೆಳಗಿನ ಹಲಗೆಯಲ್ಲಿ ಎರಡು ಮೀಟರ್ ಇಪ್ಪತ್ತರ ಹತ್ತಿರ ಒಂದು ಕೆಂಪು ಗೀಟಿದೆ. ಅದರ ಮೇಲಿನ ನೀರು ಊರಿನದು, ಕೆಳಗಿನದು ಕೆರೆಯದು. ಮೀನಿಗೆ, ಹಕ್ಕಿಗೆ, ತಳದ ಕೆಸರು ಕದಡದೆ ಮಲಗಿರುವುದಕ್ಕೆ ಬಿಟ್ಟ ಪಾಲು. ಕೆರೆ ನೋಡಲು ಬರುವ ಶಾಲೆ ಮಕ್ಕಳಿಗೆ ಗೇಜಕ್ಕ ಸೊಂಟಕ್ಕೆ ಕೈಯಿಟ್ಟು ಹೇಳುತ್ತಿದ್ದಳು, “ಆ ನೀರನ್ನ ನಾನೂ ಮುಟ್ಟಲ್ಲ, ನಿಮ್ಮ ಮೇಷ್ಟ್ರೂ ಮುಟ್ಟಂಗಿಲ್ಲ.” ನೀರು ಆ ಗೀಟು ತಾಕಿತೋ, ಅವಳು ಒಂದು ಕೆಂಪು ಚೀಟಿ ಬರೆದು ಕೊಡಬೇಕು. ಚೀಟಿ ಕೈಗೆ ಬಂದ ಕ್ಷಣ ಪಂಪು ನಿಲ್ಲಬೇಕು, ಸಾಹೇಬರ ಸಹಿಯನ್ನೂ ಕಾಯುವಂತಿಲ್ಲ. ಕೆಂಪು ಚೀಟಿಯ ಪುಸ್ತಕ ಮೂವತ್ತೊಂದು ವರ್ಷದಿಂದ ಮೇಜಿನ ಖಾನೆಯಲ್ಲಿ ಮಲಗಿತ್ತು. ಗೆದ್ದಲು ಕೂಡ ಮರ್ಯಾದೆಯಿಂದ ಅದನ್ನು ಬಿಟ್ಟು ಪಕ್ಕದ ಡೈರಿ ತಿಂದಿತ್ತು.

ಆ ದಿನ ಹತ್ತೂವರೆಗೆ ಎರಡನೆ ಪಂಪು ಶುರುವಾಗುವುದಿತ್ತು. ಬಿಸಿಲು ಹೇಗಿತ್ತೆಂದರೆ ಊರಿನಲ್ಲಿ ನೆರಳುಗಳೂ ನೆರಳು ಹುಡುಕುತ್ತಿದ್ದವು. ಜನರಿಗೆ ನೀರು ಸಾಲದು. ಹಿಂದಿನ ದಿನದ ಅಂಕಿ ಎರಡು ನಲವತ್ತೇಳು, ಕೆಂಪು ಗೀಟಿಗೆ ಇನ್ನೂ ಇಪ್ಪತ್ತೇಳು ಸೆಂಟಿಮೀಟರ್ ಇದೆ, ಓಡಿಸಿ ಅಂದಿದ್ದರು ಸಾಹೇಬರು. ಆದರೆ ಎರಡನೆ ಪಂಪಿಗೆ ಒಂದು ನಿಯಮವಿದೆ. ಶುರುಮಾಡುವ ದಿನ ಅಳತೆಯವಳೂ ಪಂಪಿನವನೂ ಇಬ್ಬರೂ ಹಲಗೆಯ ಹತ್ತಿರವೇ ನಿಂತು ಅಂಕಿ ಓದಿ ಸಹಿ ಹಾಕಬೇಕು.

ಗೇಜಕ್ಕನಿಗೆ ನುಂಗಲಾರದ ತುತ್ತಾದದ್ದು ಇದೇ. ಎರಡು ತಿಂಗಳಿಂದ ಅವಳು ಆ ನಲವತ್ತು ಮೆಟ್ಟಿಲು ಇಳಿದೇ ಇರಲಿಲ್ಲ. ಬಲಮಂಡಿ ಊದಿ ಕುಂಬಳಕಾಯಿಯಾಗಿತ್ತು. ಆಫೀಸಿಗೆ ಗೊತ್ತಾದರೆ ಊರೊಳಗಿನ ಕಚೇರಿಯಲ್ಲಿ ಫೈಲಿಗೆ ದಾರ ಕಟ್ಟುವ ಕೆಲಸಕ್ಕೆ ಕೂರಿಸುತ್ತಾರೆ. ಅದಕ್ಕೆ ದಿನಾ ಮೇಲಿನ ಮೆಟ್ಟಿಲಲ್ಲೇ ನಿಂತು ದುರ್ಬೀನು ಹಿಡಿದು ಓದುತ್ತಿದ್ದಳು. ಗುಟ್ಟು ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವನು ದರ್ಜಿ. ದಿನಾ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದ, ಪ್ಯಾಂಟಿನ ಉಳಿದ ಕ್ಯಾನ್ವಾಸಿನಲ್ಲಿ ಅವಳ ಮಂಡಿಗೊಂದು ಪಟ್ಟಿಯನ್ನೂ ಹೊಲಿದುಕೊಟ್ಟಿದ್ದ, ಕಾಜಾ ಗುಂಡಿ ಸಮೇತ.

“ಇಳೀಬೇಡ ಕಣೇ,” ಅಂದ ದರ್ಜಿ, ಕೊರಳಲ್ಲಿ ಟೇಪು ನೇತುಹಾಕಿಕೊಂಡೇ. “ಅವನೊಬ್ಬನೇ ಓದಿ ಅಲ್ಲಿಂದ ಕೂಗ್ಲಿ.”

“ಅವನು ಕೂಗಿದ್ರೆ ಮುಂದಿನ ಊರಿನೋರು ಬರ್ಕೊತಾರೆ. ಸುಮ್ನಿರಿ.”

‘ಅವನು’ ಅಂದರೆ ಗುಡುಗಪ್ಪ, ಪಂಪು ನಡೆಸುವವನು. ಇಪ್ಪತ್ತು ವರ್ಷ ಪಂಪಿನ ಪಕ್ಕದಲ್ಲಿ ನಿಂತು ಕಿವಿ ಮಂದವಾಗಿ, ಜಗತ್ತಿನ ಕಿವಿಯೂ ಹಾಗೇ ಎಂದು ನಂಬಿದ್ದ. ಅವನು ಪಿಸುಗುಟ್ಟಿದರೆ ಆಚೆ ದಡದ ಕೊಕ್ಕರೆ ಹಾರುತ್ತಿತ್ತು. ಮೂರು ದಿನದ ಹಿಂದೆ ಅವನು ಅಳತೆ ಕೋಣೆಯ ಬಾಗಿಲಲ್ಲಿ ನಿಂತು, “ಅಕ್ಕಾ, ಪಂಪು ಗೊರಗೊರ ಅಂತಿದೆ, ಗಾಳಿ ಎಳೀತಿದೆ. ನೀರು ಕಮ್ಮಿ ಇದೆ ಅನ್ಸುತ್ತೆ,” ಅಂದಿದ್ದ.

“ನಿನ್ನ ಹೆಂಡ್ತಿ ತಲೆ ಹಿಂದೆ ಪಾತ್ರೆ ಎಸೆದ್ರೂ ಕೇಳಲ್ಲ ನಿಂಗೆ. ಪಂಪಿನ ಗೊರಗೊರ ಕೇಳಿಸ್ತಾ?”

“ಕಿವೀಲಿ ಅಲ್ಲ ಅಕ್ಕಾ, ಕಾಲಲ್ಲಿ. ನೆಲ ಬೇರೆ ಥರ ನಡುಗ್ತಿದೆ.”

ಗೇಜಕ್ಕ ಪೆನ್ನೆತ್ತಿ ಸೂರಿನ ಹತ್ತಿರದ ಪ್ರಶಸ್ತಿ ಪತ್ರ ತೋರಿಸಿದಳು, ಅಷ್ಟೇ. ಗುಡುಗಪ್ಪ ತಲೆ ತಗ್ಗಿಸಿ ಹೋಗಿದ್ದ.

ಈಗ ಅವನು ಮುಂದೆ, ಅವಳು ಹಿಂದೆ. ಒಂದೊಂದು ಮೆಟ್ಟಿಲಿಗೂ ಮಂಡಿ ಅವಳ ಹಿಂದಿನ ಜನ್ಮದ ಪಾಪಗಳನ್ನು ಒಂದೊಂದಾಗಿ ಓದಿ ಹೇಳುತ್ತಿತ್ತು. ಇಪ್ಪತ್ತೈದನೆ ಮೆಟ್ಟಿಲಿಗೆ ಬಂದಾಗ ಪಂಪ್‌ಹೌಸಿನ ಗೋಡೆಯ ಮರೆ ಸರಿದು ಆಮೆಬಂಡೆ ಕಾಣಿಸಿತು. ಗೇಜಕ್ಕ ಅಲ್ಲೇ ಕಲ್ಲಾದಳು.

ಆಮೆಬಂಡೆ ಅವಳ ಹಳೆಯ ಸ್ನೇಹಿತ. ಮೇಲಿನಿಂದ ಕಾಣದು, ಕೆಳಗಿಳಿದವರಿಗೆ ಮಾತ್ರ ಕಾಣುತ್ತದೆ. ನೀರು ಸರಿಯಾಗಿ ಕೆಂಪು ಗೀಟಿನ ಹತ್ತಿರ ಬಂದರೆ ಆ ಬಂಡೆಯ ಕತ್ತು ಹೊರಗೆ ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ಎರಡೇ ಸಲ ಅದರ ಮೂಗಿನ ತುದಿ ನೋಡಿದ್ದಳು. ಇವತ್ತು ಕತ್ತೂ ಹೊರಗಿತ್ತು, ಹೆಗಲೂ ಹೊರಗಿತ್ತು. ಬೆನ್ನಿನ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಮಾವನ ಮನೆಗೆ ಬಂದವರ ಹಾಗೆ ಆರಾಮಾಗಿ ಕೂತಿತ್ತು.

ಬಂಡೆ ಬೆಳೆದಿರಬೇಕು ಅಂದುಕೊಂಡಳು ಗೇಜಕ್ಕ. ನಿಜವಾಗಿಯೂ ಹಾಗೇ ಅಂದುಕೊಂಡಳು. ತಾನು ತಪ್ಪಿರುವುದಕ್ಕಿಂತ ಕಲ್ಲು ಬೆಳೆದಿರುವುದೇ ಅವಳಿಗೆ ಹೆಚ್ಚು ಸಹಜವಾಗಿ ಕಂಡಿತು.

“ಎರಡು ನಲವತ್ತಾರು!” ಎಂದು ಕೆಳಗಿನಿಂದ ಗುಡುಗಪ್ಪ ಗುಡುಗಿದ. “ಸರಿಯಾಗೇ ಇದೆ ಅಕ್ಕಾ, ನಂದೇ ತಪ್ಪು!”

ಅವನ ‘ನಂದೇ ತಪ್ಪು’ ಅವಳ ಎದೆಗೆ ಸೂಜಿಯ ಹಾಗೆ ಚುಚ್ಚಿತು. ಉಳಿದ ಮೆಟ್ಟಿಲು ಹೇಗಿಳಿದಳೋ ಗೊತ್ತಿಲ್ಲ. ಸೆರಗು ಸಿಕ್ಕಿಸಿ, ನೀರಿಗೆ ಕೈಹಾಕಿ, ಹಲಗೆಯ ಬುಡ ತಡಕಿದಳು. ಎರಡು ಮೀಟರಿನ ಮಟ್ಟಕ್ಕೆ ಒಂದು ಕಲ್ಲುಪೀಠವಿದೆ, ಹಲಗೆ ಅದರ ಮೇಲೆ ನಿಲ್ಲಬೇಕು. ಪೀಠ ಕೈಗೆ ಸಿಕ್ಕಿತು, ಮಣಿಕಟ್ಟು ಮುಳುಗುವಷ್ಟರಲ್ಲೇ ಸಿಕ್ಕಿತು. ಅದರ ಮೇಲೆ ಹಲಗೆಯಿರಲಿಲ್ಲ. ಹಲಗೆ ಪೀಠದ ಪಕ್ಕದಲ್ಲಿ, ಕೆಳಗೆ, ಕೆಸರಿನಲ್ಲಿ ಕಾಲೂರಿಕೊಂಡು ನಿಂತಿತ್ತು.

ಇಪ್ಪತ್ತು ದಿನದ ಹಿಂದಿನ ಬೆಳಗು ಕಣ್ಣ ಮುಂದೆ ಬಂತು. ತೇಲಿಬಂದ ಮರದ ದಿಮ್ಮಿ ಬಡಿದು ಹಳೆಯ ಹಲಗೆ ಮುರಿದಿತ್ತು. ಹೊಸದು ಹೊತ್ತುಕೊಂಡು ಇಬ್ಬರು ಫಿಟ್ಟರುಗಳು ಬಂದಿದ್ದರು. ಹನಿಯುತ್ತಿತ್ತು. ಗೇಜಕ್ಕ ಮೇಲೆ ಛತ್ರಿ ಹಿಡಿದು, ದುರ್ಬೀನಿನಲ್ಲಿ ನೋಡುತ್ತಾ, “ಕಲ್ಲಿನ ಮೇಲೆ ಕೂತಿದೆಯೇನ್ರೋ?” ಎಂದು ಕೇಳಿದ್ದಳು. “ಕೂತಿದೆ ಅಕ್ಕಾ” ಅಂದಿದ್ದರು. “ಸರಿ, ಬಿಗೀರಿ.” ಹೊಸ ಹಲಗೆ ನಿಲ್ಲಿಸಿದ ಮೇಲೆ ನೀರು ತುಂಬಿದ ಪೈಪು ಹಿಡಿದು ಮೇಲಿನ ಹಲಗೆಯ ಜೊತೆ ಮಟ್ಟ ತಾಳೆ ನೋಡಬೇಕು. ಅವಳೇ ಹತ್ತಾರು ಜನರಿಗೆ ಕಲಿಸಿದ ಪಾಠ ಅದು. ಮೆಟ್ಟಿಲು ನೋಡಿದಳು, ಮಂಡಿ ನೋಡಿದಳು, ‘ತಾಳೆ ನೋಡಿದೆ’ ಎಂದು ಸಹಿ ಹಾಕಿದಳು.

ಮರುದಿನ ಅಂಕಿ ಒಂದೇ ಏಟಿಗೆ ಮೂವತ್ತು ಸೆಂಟಿಮೀಟರ್ ಏರಿತ್ತು! ಹಿಂದಿನ ದಿನ ಬಿದ್ದ ಹನಿಗೆ ದರ್ಜಿಯ ಅಂಗಳದಲ್ಲಿ ಒಣಗಹಾಕಿದ್ದ ಲುಂಗಿ ಕೂಡ ಪೂರ್ತಿ ನೆಂದಿರಲಿಲ್ಲ. ಆದರೆ ಬೇಸಿಗೆಯಲ್ಲಿ ಕೆರೆ ಏರಿತು ಅಂದರೆ ಬೇಡ ಅನ್ನುವವರು ಯಾರು? ಮೇಲುಗಡೆ ಜೋರಾಗಿ ಹೊಯ್ದಿರಬೇಕು ಅಂದಳು ಗೇಜಕ್ಕ. ಹೊಯ್ದೇ ಇರುತ್ತೆ ಅಂದರು ಸಾಹೇಬರು. ಪೇಪರಿನವರನ್ನು ಕರೆದು, ಕೆರೆ ಮೇಲೆದ್ದಿದೆ, ಇನ್ನು ದಿನವೂ ನೀರು ಎಂದು ಸಾರಿ, ಆಫೀಸಿಗೆಲ್ಲ ಸಿಹಿ ಹಂಚಿದರು. ಗೇಜಕ್ಕ ಎರಡು ತಿಂದಿದ್ದಳು.

“ಪೈಪು ತಗೊಂಡು ಬಾ,” ಅಂದಳು ಈಗ ಗುಡುಗಪ್ಪನಿಗೆ.

ಗಾರೆಯವರು ಮಟ್ಟ ನೋಡುವಂಥ ಪಾರದರ್ಶಕ ಪೈಪಿಗೆ ನೀರು ತುಂಬಿ, ಗುಡುಗಪ್ಪ ಒಂದು ತುದಿಯನ್ನು ಮೇಲಿನ ಹಲಗೆಯ ಕೊನೆಯ ಗೀಟಿಗೆ ಹಿಡಿದ. ಇನ್ನೊಂದು ತುದಿ ಹಿಡಿದುಕೊಂಡು ದರ್ಜಿ ಕೆಳಗಿಳಿದು ಬಂದ.

“ಗೀಟಿಗೆ ಸರಿಯಾಗಿದೆ ಅಕ್ಕಾ!”

“ಮೆಲ್ಲಗೆ ಹೇಳೋ!”

“ಮೆಲ್ಲಗೇ ಹೇಳ್ತಿದೀನಿ!” ನೀರುಕಾಗೆ ಹಾರಿಹೋಯಿತು.

ಪೈಪಿನೊಳಗಿನ ನೀರು ಒಂದೆರಡು ಸಲ ತೂಗಾಡಿ ನಿಂತಿತು. ಅದು ಕೆಳಗಿನ ಹಲಗೆಯ ತಲೆಗೆ ಸಮನಾಗಿ ನಿಲ್ಲಬೇಕಿತ್ತು. ಹಲಗೆಯ ತಲೆ ದಾಟಿ, ಒಂದು ಗೇಣು ದಾಟಿ, ಇನ್ನೂ ನಾಲ್ಕು ಬೆರಳು ಮೇಲೆ ನಿಂತಿತು. ದರ್ಜಿ ಕೊರಳ ಟೇಪು ತೆಗೆದು ಹಿಡಿದ. ಸಾವಿರ ಜನರ ಸೊಂಟ ಅಳೆದು ಯಾರಿಗೂ ನಿಜ ಹೇಳದ ಮನುಷ್ಯ, ಈಗ ಹೆಂಡತಿಯ ಮುಖ ನೋಡದೆ ಹೇಳಿದ, “ಹನ್ನೆರಡು ಇಂಚಿಗೆ ಒಂದು ನೂಲು ಕಮ್ಮಿ.”

“ಸೆಂಟಿಮೀಟರಲ್ಲಿ ಹೇಳಿ.”

“ಮೂವತ್ತು.”

ಅಂದರೆ ಎರಡು ನಲವತ್ತಾರಲ್ಲ, ಎರಡು ಹದಿನಾರು. ಕೆಂಪು ಗೀಟು ದಾಟಿ ನಾಲ್ಕು ಸೆಂಟಿಮೀಟರ್ ಕೆಳಗೆ. ದಿನಕ್ಕೊಂದು ಸೆಂಟಿಮೀಟರಿನ ಹಾಗೆ, ನಾಲ್ಕು ದಿನದಿಂದ ಊರು ಕುಡಿಯುತ್ತಿದ್ದದ್ದು ಕೆರೆಯ ಪಾಲು. ಇನ್ನು ಒಂದು ಗಂಟೆಯಲ್ಲಿ ಎರಡನೆ ಪಂಪೂ ಬಾಯಿ ಹಾಕಿದರೆ ತಳದ ಕಪ್ಪು ಕೆಸರು ಎದ್ದು ಮೀನು ಬೆಳ್ಳಗೆ ತೇಲುತ್ತದೆ, ಎರಡು ಲಕ್ಷ ಜನರ ನಲ್ಲಿಗಳಲ್ಲಿ ಅದೇ ಕೆಸರು ಬರುತ್ತದೆ.

“ಯಾರಿಗೂ ಗೊತ್ತಿಲ್ವಲ್ಲೇ,” ಎಂದು ದರ್ಜಿ ತಗ್ಗಿದ ದನಿಯಲ್ಲಿ ಅಂದ. “ನಾನೂ ಅವನೂ ಸೇರಿ ಎತ್ತಿ ಕಲ್ಲಿನ ಮೇಲೆ ಕೂರಿಸಿಬಿಡ್ತೀವಿ. ಹತ್ತು ನಿಮಿಷದ ಕೆಲಸ.”

“ಆಮೇಲೆ? ನಿನ್ನೆ ನಲವತ್ತೇಳು, ಇವತ್ತು ಹದಿನಾರು. ರಾತ್ರಿ ಸಾವಿರ ಆನೆ ಬಂದು ಕುಡಿದು ಹೋದ್ವು ಅಂತ ಬರೀಲಾ?”

ಹತ್ತು ಗಂಟೆಗೆ ಸಾಹೇಬರ ಜೀಪು ಬಂತು. ಗೇಜಕ್ಕ ಅಷ್ಟರಲ್ಲಿ ನಲವತ್ತು ಮೆಟ್ಟಿಲು ಹತ್ತಿ, ಬೆವರಲ್ಲಿ ತೊಯ್ದು, ಮೇಜಿನ ಮುಂದೆ ಕೂತಿದ್ದಳು. ನಡೆದದ್ದನ್ನು ಬಿಡಿಸಿ ಹೇಳಿದಳು, ಮಂಡಿಯನ್ನೂ ಸೇರಿಸಿ, ದುರ್ಬೀನನ್ನೂ ಸೇರಿಸಿ. ಸಾಹೇಬರ ಮುಖದ ಬಣ್ಣ ಕೆರೆಗಿಂತ ಬೇಗ ಇಳಿಯಿತು. ಎದ್ದುಹೋಗಿ ಬಾಗಿಲು ಹಾಕಿದರು. ಒಳಗೆ ಗುಡುಗಪ್ಪನೂ ಇದ್ದ, ಬಾಗಿಲು ಹಾಕಿ ಪ್ರಯೋಜನವಿರಲಿಲ್ಲ.

“ನೋಡಿ ಅಕ್ಕಾವ್ರೇ, ಗಾಬರಿ ಬೀಳ್ಬೇಡಿ. ಎರಡನೆ ಪಂಪು ಬೇಡ, ಮೋಟರು ಕೆಟ್ಟಿದೆ ಅಂದ್ಬಿಡೋಣ. ಪುಸ್ತಕದಲ್ಲಿ ದಿನಕ್ಕೆ ಮೂರ್ಮೂರು ಸೆಂಟಿಮೀಟರ್ ಜಾಸ್ತಿ ಇಳಿಸ್ಕೊಂಡು ಹೋಗಿ. ಹತ್ತು ಹನ್ನೆರಡು ದಿನದಲ್ಲಿ ಅಂಕಿ ತಾನಾಗೇ ಸರಿಯಾಗುತ್ತೆ. ಅಷ್ಟರಲ್ಲಿ ಮಳೆ ಬಂದ್ರೂ ಬಂತು.”

“ಅಷ್ಟು ದಿನ ಈ ಪಂಪು ಯಾರ ನೀರು ಎಳೆಯುತ್ತೆ ಸಾರ್?”

“ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ರಿಟೈರಾಗೋಕೆ ಎಂಟು ತಿಂಗಳಿದೆ.” ಸಾಹೇಬರು ಕತ್ತೆತ್ತಿ ಗೋಡೆ ನೋಡಿದರು. “ಮೂವತ್ತು ವರ್ಷದ ಹೆಸರು. ಒಂದು ಹಲಗೆಗೋಸ್ಕರ ನೀರಲ್ಲಿ ಹಾಕ್ತೀರಾ?”

ಗೇಜಕ್ಕನೂ ಕತ್ತೆತ್ತಿದಳು. ಸುಳ್ಳು ಯಾಕೆ, ಅವಳ ಮನಸ್ಸು ಆ ಕಡೆ ವಾಲಿತು. ಬೀದಿಯ ಹೆಂಗಸರು ಕಣ್ಣ ಮುಂದೆ ಬಂದರು. ಯಾರ ಮನೆ ಹಾಲಿನಲ್ಲಿ ನೀರಿದ್ದರೂ ಮೂಗಿನ ತುದಿಯಲ್ಲೇ ಅಳೆದು ಹೇಳುತ್ತಿದ್ದ ತನ್ನ ನಾಲಿಗೆ ನೆನಪಾಯಿತು. ಹತ್ತು ದಿನ, ಮೂರು ಮೂರು ಸೆಂಟಿಮೀಟರ್. ಪೆನ್ನು ಕೈಯಲ್ಲೇ ಇತ್ತು. ಗಡಿಯಾರದಲ್ಲಿ ಹತ್ತು ಹದಿನೆಂಟು.

ಆಗ ಕಿಟಕಿಯ ಗಾಜು ತಾಳ ತಪ್ಪಿತು. ಗಿಲಿಗಿಲಿ ಅನ್ನುತ್ತಿದ್ದದ್ದು ಒಮ್ಮೆ ನಿಂತು, ಮತ್ತೆ ಗಡಗಡನೆ ನಡುಗಿತು. ಗೋಡೆಯಾಚೆ ಪಂಪು ಗೊರ್ರ್ ಎಂದು, ಗಂಟಲಿಗೆ ಏನೋ ಸಿಕ್ಕಿಕೊಂಡವರ ಹಾಗೆ ಕೆಮ್ಮಿತು. ಸಾಹೇಬರು ಬೆಚ್ಚಿ ಎದ್ದು ನಿಂತರು. ಗುಡುಗಪ್ಪನಿಗೆ ಕೇಳಿಸಲಿಲ್ಲ. ಅವನು ತನ್ನ ಕಾಲ ಕೆಳಗಿನ ನೆಲ ನೋಡಿದ, ಆಮೇಲೆ ಗೇಜಕ್ಕನ ಮುಖ ನೋಡಿದ. ಮೂರು ದಿನದ ಹಿಂದೆ ಇದೇ ಬಾಗಿಲಲ್ಲಿ ನಿಂತು ಹೇಳಿದ್ದನ್ನು ಮತ್ತೆ ಹೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸುಮ್ಮನಿದ್ದ. ಅವನ ಗುಡುಗಿಗೆ ಹೆದರದಿದ್ದ ಗೇಜಕ್ಕನಿಗೆ ಈ ಮೌನ ತಡೆಯಲಾಗಲಿಲ್ಲ.

ಖಾನೆ ಎಳೆದಳು. ಕೆಂಪು ಚೀಟಿಯ ಪುಸ್ತಕ ಮೇಜಿನ ಮೇಲಿಟ್ಟಳು.

“ಅಕ್ಕಾವ್ರೇ, ಯೋಚನೆ ಮಾಡಿ,” ಅಂದರು ಸಾಹೇಬರು. ದನಿ ಬದಲಾಗಿತ್ತು. “ಬರೆದ್ರೆ ತಿದ್ದೋಕಾಗಲ್ಲ. ನಾನು ನಿಮ್ಮ ಪರ ಒಂದು ಮಾತೂ ಆಡಲ್ಲ.”

“ಆಡ್ಬೇಡಿ ಸಾರ್.” ಎರಡು ಮೀಟರ್ ಹದಿನಾರು ಎಂದು ಬರೆದಳು. ಕಾರಣ ಎಂಬ ಜಾಗದಲ್ಲಿ ‘ಹಲಗೆ ತಪ್ಪಾಗಿ ನಿಂತಿದೆ, ತಾಳೆ ನೋಡದೆ ಸಹಿ ಹಾಕಿದವಳು ನಾನು’ ಎಂದು ಬರೆದು, ಹರಿದು, ಗುಡುಗಪ್ಪನ ಕಡೆ ಚಾಚಿದಳು.

ಗುಡುಗಪ್ಪ ಚೀಟಿ ತಗೊಂಡ. ಸಾಹೇಬರ ಕಡೆ ನೋಡಲಿಲ್ಲ. ಬಾಗಿಲು ತೆರೆದು ಹೋದ. ಒಂದು ನಿಮಿಷದ ಮೇಲೆ ಗಾಜು ಸುಮ್ಮನಾಯಿತು.

ಮೂವತ್ತೊಂದು ವರ್ಷದಲ್ಲಿ ಗೇಜಕ್ಕ ಆ ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳಿದ್ದು ಅದೇ ಮೊದಲು.

ಆಮೇಲಿನದು ಊರಿಗೆಲ್ಲ ಗೊತ್ತು. ಗುಡ್ಡದ ಟ್ಯಾಂಕಿನಲ್ಲಿ ಉಳಿದಿದ್ದ ನೀರನ್ನು ಮೂರು ದಿನಕ್ಕೊಮ್ಮೆ, ಅರ್ಧ ಗಂಟೆ ಬಿಟ್ಟರು. ದೂರದ ಬಾವಿಗಳಿಂದ ಟ್ಯಾಂಕರು ಓಡಿದವು. ಸಾಹೇಬರು ಅದೇ ಪೇಪರಿನವರನ್ನು ಕರೆದು, ಕೆರೆ ಮೇಲೆದ್ದಿರಲಿಲ್ಲ ಅನ್ನಬೇಕಾಯಿತು. ಆ ಒಂದು ವಾಕ್ಯ ಹೇಳಲು ಅವರು ಮೂರು ಲೋಟ ನೀರು ಕುಡಿದರು ಅನ್ನುತ್ತಾರೆ. ಗೇಜಕ್ಕನಿಗೆ ನೋಟಿಸು ಬಂತು. ಫೈಲಿಗೆ ದಾರ ಕಟ್ಟುವ ಕೆಲಸಕ್ಕೆ ಮಾತ್ರ ಕಳಿಸಲಿಲ್ಲ, ನಲವತ್ತು ಮೆಟ್ಟಿಲು ಇಳಿಯಲು ಬೇರೆ ಯಾರೂ ಒಪ್ಪಲಿಲ್ಲವಲ್ಲ. ದಿನಾ ಬೆಳಗ್ಗೆ ಗುಡುಗಪ್ಪನ ಭುಜ ಹಿಡಿದು ಇಳಿದಳು, ಹತ್ತಿದಳು. ಬೀದಿಯ ನಲ್ಲಿ ಹತ್ತಿರ ಹೆಂಗಸರು ಕೊಡ ಎತ್ತಿ ತೋರಿಸಿ, “ಗೇಜಕ್ಕಾ, ಇದು ತುಂಬಿದೆಯೋ ಇಲ್ವೋ ನೋಡಿ ಹೇಳಿ, ನಿಮ್ಮ ಕಣ್ಣು ಪಕ್ಕಾ ಅಲ್ವಾ!” ಅಂದರು. ಅವಳು ತನ್ನ ಕೊಡ ಎತ್ತಿಕೊಂಡು ನಡೆದಳು. ದರ್ಜಿ ಮಂಡಿ ಪಟ್ಟಿಗೆ ಇನ್ನೊಂದು ಗುಂಡಿ ಹಚ್ಚಿಕೊಟ್ಟ.

ಹತ್ತೊಂಬತ್ತನೆ ದಿನ ಮಳೆ ಬಂತು. ಈ ಸಲ ಲುಂಗಿ ನೆನೆಯಿತು, ಹಗ್ಗ ಸಮೇತ ಹರಿದೂ ಹೋಯಿತು. ಒಂದು ಮೀನೂ ಬೆಳ್ಳಗೆ ತೇಲಿರಲಿಲ್ಲ. ಆಮೆಬಂಡೆ ಬೆನ್ನು, ಹೆಗಲು, ಕತ್ತು ಎಂದು ಒಂದೊಂದಾಗಿ ಒಳಗೆಳೆದುಕೊಂಡಿತು. ಪೀಠದ ಮೇಲೆ ಸರಿಯಾಗಿ ಕೂತ ಹಲಗೆಯಲ್ಲಿ ನೀರು ಕೆಂಪು ಗೀಟು ದಾಟಿದ ಬೆಳಗ್ಗೆ ಪಂಪು ಓಡಿತು, ಗಾಜು ಮತ್ತೆ ಗಿಲಿಗಿಲಿ ಅಂದಿತು.

ಅದರ ಮರುವಾರ ಸಾಹೇಬರು ಅಳತೆ ಕೋಣೆಗೆ ಬಂದರು. ತಪಾಸಣೆಗೆ ದೊಡ್ಡವರು ಬರುವವರಿದ್ದರು. ಸಾಹೇಬರು ಸೊಂಟಕ್ಕೆ ಕೈಯಿಟ್ಟು, ಕತ್ತೆತ್ತಿ, ಬಹಳ ಹೊತ್ತು ಗೋಡೆ ನೋಡಿದರು.

“ಅಕ್ಕಾವ್ರೇ, ಈ ಪ್ರಶಸ್ತಿ ಪತ್ರಕ್ಕೆ ಏನು ಮಾಡೋದು ಹೇಳಿ. ತೆಗೆದ್ರೆ ಯಾಕೆ ತೆಗೆದ್ರಿ ಅಂತಾರೆ. ಬಿಟ್ರೆ ಓದಿ ನಗ್ತಾರೆ.”

ಗೇಜಕ್ಕ ಪುಸ್ತಕದಿಂದ ತಲೆಯೆತ್ತಲಿಲ್ಲ. ಆ ದಿನದ ಅಂಕಿಯ ಕೆಳಗೆ ಗೀಟೆಳೆಯುತ್ತಾ ಅಂದಳು,

“ತೆಗೀಬೇಡಿ ಸಾರ್. ಮೂವತ್ತು ಸೆಂಟಿಮೀಟರ್ ಕೆಳಗಿಳಿಸಿ ಹೊಡೀರಿ. ಸರಿಹೋಗುತ್ತೆ.”